ಹೊಯ್ಟ್ ಅಣ್ಣನ ಕೊನೇ ರಕೂನ್

ಇಲ್ಲ ಅತ್ತಿಗೆ, ಈ ವರ್ಷ ನನ್ನ ಕೈಲಾಗಲ್ಲ. ಆಗಲ್ಲ ಅಂದ್ರೆ ಆಗಲ್ಲ. ಹನ್ನೊಂದು ವರ್ಷ ಎದ್ದು ನಿಂತು ಹೇಳಿದ್ದಾಯ್ತಲ್ಲ, ಇನ್ನೂ ಎಷ್ಟು? ಊರಿನ ರಕೂನ್ ಊಟ ಅಂದ್ರೆ ಊಟ ಇರಬೇಕು, ಗೆಣಸು ಇರಬೇಕು, ಮಕ್ಕಳು ಬೆಂಚಿನ ಕೆಳಗೆ ನುಸುಳಿಕೊಂಡು ಗಲಾಟೆ ಮಾಡ್ಬೇಕು. ಅದರ ನಡುವೆ ನಾನು ಮೈಕು ಹಿಡ್ಕೊಂಡು, ನಮ್ಮಣ್ಣ ಮರದಿಂದ ಹೇಗೆ ಬಿದ್ದು ಸತ್ತ ಅಂತ ಹೇಳ್ಬೇಕು... ಜನ ತಟ್ಟೆ ಕೆಳಗಿಟ್ಟು ಕಣ್ಣೊರೆಸ್ಕೋಬೇಕು, ಆಮೇಲೆ ಮತ್ತೆ ತಟ್ಟೆ ಎತ್ಕೋಬೇಕು. ಸಾಕು. ಊಟ ನಡೆಸೋ ಡೆಂಟನ್‌ಗೆ ಹೇಳಿಬಿಡಿ, ಆರ್ವೆಲ್‌ಗೆ ಗಂಟಲು ಕಟ್ಟಿದೆ, ಬಂದು ಬಡಿಸ್ತಾನೆ, ಪಾತ್ರೆ ತೊಳೀತಾನೆ, ಮಾತು ಮಾತ್ರ ಆಡಲ್ಲ ಅಂತ.

ಯಾಕೆ ನಗ್ತೀರ? ಗಂಟಲು ಕಟ್ಟಿದೋನು ಬೆಳಗಿಂದ ವಟವಟ ಅಂತಿದಾನೆ ಅಂತ ತಾನೆ? ನಗಿ, ನಗಿ. ನೀವು ನಕ್ಕಿದ್ದು ನೋಡಿ ಎಷ್ಟು ದಿನ ಆಗಿತ್ತೋ. ಆ ಸ್ಟೂಲು ಬೇಡ, ಅದರ ಕಾಲು ಅಲ್ಲಾಡತ್ತೆ. ಇಲ್ಲಿ ಒಲೆ ಹತ್ರ ಬನ್ನಿ. ಈ ಶೆಡ್ಡಲ್ಲಿ ಎಷ್ಟು ಸೌದೆ ಹಾಕಿದ್ರೂ ಅಷ್ಟೇ, ಜನವರಿ ಚಳಿ ಹಲಗೆ ಸಂದಿಯಲ್ಲಿ ಬಂದೇ ಬರತ್ತೆ.

ಚಾಕು ಕೊಡಿ, ಮಸೆದು ಕೊಡ್ತೀನಿ. ಹನ್ನೆರಡು ರಕೂನ್ ಸುಲಿದಾಯ್ತಾ? ಹಾಗಾದ್ರೆ ಇನ್ನು ಹತ್ತು. ಈ ಸಲ ಬೇಟೆಯವರು ಚೆನ್ನಾಗೇ ತಂದುಕೊಟ್ಟಿದಾರೆ, ಒಳ್ಳೇ ಜೋಳ ತಿಂದು ಕೊಬ್ಬಿರೋವು. ಕಂಕುಳಲ್ಲಿ, ಬೆನ್ನು ಪಕ್ಕದಲ್ಲಿ ಇರೋ ಆ ಗಂಟುಗಳನ್ನೆಲ್ಲ ತೆಗೀತಿದ್ದೀರ ತಾನೆ? ಒಂದು ಉಳಿದ್ರೂ ಇಡೀ ಪಾತ್ರೆ ನಾರುತ್ತೆ... ಅಯ್ಯೋ, ಯಾರಿಗೆ ಹೇಳ್ತಿದ್ದೀನಿ ನಾನು. ಮೀನಿಗೆ ಈಜು ಹೇಳಿಕೊಟ್ಟ ಹಾಗೆ. ನಮ್ಮಮ್ಮ ಸ್ವಂತ ಮಕ್ಕಳಿಗೆ ಕಲಿಸದೆ ನಿಮಗೆ ಕಲಿಸಿ ಹೋದಳು. ಮುಂಗಾಲಿನ ಪಂಜ ಒಂದು ಕತ್ತರಿಸದೆ ಬಿಡಿ, ಅಷ್ಟೇ. ಅದಿಲ್ದಿದ್ರೆ ಯಾವನೋ ಒಬ್ಬ ಅಡುಗೆಮನೆಗೆ ಇಣುಕಿ, ಇದು ರಕೂನೋ ಪಕ್ಕದ ಮನೆ ಬೆಕ್ಕೋ ಅಂತಾನೆ. ಪಂಜ ಕಂಡ್ರೆ ಬಾಯಿ ಮುಚ್ಕೊಂಡು ಹೋಗ್ತಾನೆ. ಚರ್ಮ ಸುಲಿದ ಮೇಲೆ ಎಲ್ಲಾ ಪ್ರಾಣಿನೂ ಒಂದೇ ಥರ ಅಲ್ವಾ.

ಇದರ ಬೆರಳು ನೋಡಿ. ಐದು ಬೆರಳು, ಐದಕ್ಕೂ ಉಗುರು, ಅಂಗೈ ಮೇಲೆ ಗೆರೆ ಬೇರೆ. ಮಗು ಕೈ ಹಾಗಿದೆ. ನಲವತ್ತು ವರ್ಷ ಸುಲಿದಿದ್ದೀನಿ, ಮುಂಚೆ ಇದು ನನ್ನ ಕಣ್ಣಿಗೆ ಬೀಳ್ತಾನೇ ಇರ್ಲಿಲ್ಲ. ಈಗ ಬೇರೆ ಏನೂ ಕಾಣ್ಸಲ್ಲ.

ಪೇಪರು ಓದಿದ್ರಾ? ಶಾಲೆಗೆ ಹೊಸದಾಗಿ ಬಂದಿರೋ ಟೀಚರಮ್ಮ, ಆ ರೊವೀನಾ, ಬರೆದಿರೋದು. ಇಗೋ, ನನ್ನ ಜೇಬಲ್ಲೇ ಇದೆ. ಕೈ ಎಣ್ಣೆ ಆಗಿದೆ, ಇರ್ಲಿ, ನನಗೆ ಬಾಯಿಪಾಠ ಆಗಿದೆ ಬಿಡಿ. "ನಾಯಿಗಳು ಅಟ್ಟಿಸಿಕೊಂಡು ಹೋಗಿ ಮರ ಹತ್ತಿಸಿದ ಪ್ರಾಣಿಗೆ ಓಡೋಕೆ ದಾರಿ ಎಲ್ಲಿದೆ? ಅದು ಬೇಟೆನಾ? ಕೊಂದದ್ದನ್ನು ತಿಂದುಬಿಟ್ಟರೆ, ತೊಗಲನ್ನು ಹದ ಮಾಡಿ ಗೋಡೆಗೆ ತೂಗುಹಾಕಿಬಿಟ್ಟರೆ, ಕೊಂದದ್ದು ಸರಿಹೋಗುತ್ತಾ?" ಇದು ಬರೆದಿರೋದು. ಊರೆಲ್ಲ ಕೆಂಡಾಮಂಡಲ. ಡೆಂಟನ್ ಅಂತೂ ಫೈರ್ ಸ್ಟೇಷನ್ ಬಾಗಿಲಲ್ಲಿ ನಿಂತು ಹಾರಾಡಿಬಿಟ್ಟ, ನಮ್ಮಪ್ಪನ ಕಾಲದಿಂದ ನಡೆಸಿಕೊಂಡು ಬಂದ ಊಟ, ನಿನ್ನೆ ಮೊನ್ನೆ ಬಂದೋಳು ಕೇಳ್ತಾಳೆ ಅಂತ.

ನನಗೆ ಸಿಟ್ಟು ಬರ್ಲಿಲ್ಲ ಅತ್ತಿಗೆ. ನಿಜವಾಗ್ಲೂ ಬರ್ಲಿಲ್ಲ. ಓದಿ, ಮಡಚಿ ಜೇಬಿಗೆ ಹಾಕ್ಕೊಂಡೆ. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಹಾಗಾಯ್ತು ನನ್ನ ಸ್ಥಿತಿ.

ಏನು? ಹಾಗೆ ಯಾಕೆ ನೋಡ್ತೀರ? ಏನಿಲ್ಲ, ಮಾತಿಗೆ ಅಂದೆ.

ಈಗ ಡೆಂಟನ್ ಏನಂತಾನೆ ಗೊತ್ತಾ? ನಾಳೆ ಆ ಟೀಚರಮ್ಮನ್ನೇ ಊಟಕ್ಕೆ ಕರೆದಿದಾನೆ. ಮುಂದಿನ ಸಾಲಲ್ಲಿ ಕೂರಿಸ್ತಾನಂತೆ. ನಾನು ಎದ್ದು ಅಣ್ಣನ ಕಥೆ ಹೇಳ್ಬೇಕಂತೆ, ಅದೇ ಅವಳಿಗೆ ಉತ್ತರವಂತೆ. "ಗಾಯ ಮಾಡಿ ಬಿಡಬಾರದು ಅನ್ನೋ ಒಂದು ಮಾತಿಗೆ ಪ್ರಾಣ ಕೊಟ್ಟ ಮನುಷ್ಯ ನಮ್ಮ ಹೊಯ್ಟ್, ಅವನ ಕಥೆ ಕೇಳಿದ ಮೇಲೆ ಬಾಯಿ ಬಿಡ್ಲಿ ನೋಡೋಣ" ಅಂದ. ಊಟದ ಹಾಲ್ ಗೋಡೆಗೆ, ಅಣ್ಣನ ಫೋಟೋ ಕೆಳಗೆ ಆ ತೊಗಲು ತೂಗುಹಾಕಿದೀವಲ್ಲ, ಅದಕ್ಕೆ ಹಿತ್ತಾಳೆ ಫಲಕ ಮಾಡಿಸಿದಾನೆ. "ಹೊಯ್ಟ್‌ನ ಕೊನೇ ರಕೂನ್" ಅಂತ ಕೆತ್ತಿಸಿ. ನಾಳೆ ನಿಮ್ಮ ಕೈಯಿಂದ ಹೊಡೆಸ್ತಾನಂತೆ ಮೊಳೆ. ಗೊತ್ತಾ ನಿಮಗೆ? ಗೊತ್ತು. ಹ್ಞೂಂ... ಎಲ್ಲಾ ಮುಂಚೆನೇ ಮಾತಾಡ್ಕೊಂಡಿದ್ದೀರ.

ಅಣ್ಣ ದೊಡ್ಡ ಮನುಷ್ಯ, ಅದರಲ್ಲಿ ಎರಡು ಮಾತಿಲ್ಲ. "ಕೊಂದೋನೇ ಹೊರಬೇಕು, ಹೊತ್ತೋನೇ ತಿನ್ನಬೇಕು" ಅಂತಿದ್ದ. ಆ ಡೆಂಟನ್‌ನ ಅಳಿಯ, ಸೇಂಟ್ ಲೂಯಿಸ್‌ನವನು, ಒಂದ್ಸಲ ಒಂಬತ್ತು ಹೊಡೆದು ಸೇತುವೆ ಕೆಳಗೆ ಬಿಸಾಕಿ ಹೋಗಿದ್ನಲ್ಲ. ತೊಗಲಿಗೆ ಬೆಲೆ ಇಲ್ಲ, ಮಾಂಸ ನಮಗೆ ಸೇರಲ್ಲ, ಸುಮ್ನೆ ಮಜಕ್ಕೆ ಹೊಡೆದ್ವಿ ಅಂದ. ಅಣ್ಣ ಬೈಲಿಲ್ಲ, ಹೊಡೀಲಿಲ್ಲ. ಅವನನ್ನ ಕರ್ಕೊಂಡು ಹೋಗಿ ಹಳ್ಳಕ್ಕಿಳಿಸಿ ಒಂಬತ್ತೂ ಹೊರಿಸ್ಕೊಂಡು ಬಂದ. ಇದೇ ಶೆಡ್ಡಲ್ಲಿ, ನೀವು ಕೂತಿದ್ದೀರಲ್ಲ ಅಲ್ಲೇ ಕೂರಿಸಿ, ಕತ್ತಲಾಗೋ ತನಕ ಸುಲಿಸಿದ. ಕೊಬ್ಬು ಕರಗಿಸಿದ್ದು ನೀವು. ಆ ವರ್ಷ ಊರ ಮಕ್ಕಳ ಕೆಮ್ಮಿಗೆಲ್ಲ ಎದೆಗೆ ಹಚ್ಚೋಕೆ ಅದೇ ಕೊಬ್ಬು. ಆ ಹುಡುಗ ಆಮೇಲೆ ಬಂದೂಕು ಮುಟ್ಟಲಿಲ್ಲ, ಪಾಪ.

ಇನ್ನೊಂದು, ಮೈ ಪೂರ್ತಿ ಕಾಣದೆ ಗುಂಡು ಹಾರಿಸ್ತಿರ್ಲಿಲ್ಲ. ಲೈಟು ಬಿಟ್ಟಾಗ ಕಣ್ಣು ಹೊಳೆಯತ್ತಲ್ಲ, ಅದಕ್ಕೆ ಗುರಿ ಇಟ್ಟು ಹೊಡೆಯೋರು ಎಷ್ಟು ಜನ ಇಲ್ಲ. ಅಣ್ಣ ಬೇಡ ಅಂತಿದ್ದ. ದವಡೆ ಒಡೆದ ಪ್ರಾಣಿ ಪೊಟರೆ ಸೇರಿ ಮೂರು ದಿನ ಸಾಯತ್ತೆ ಕಣೋ, ನೀನು ಮನೇಲಿ ಹೊದ್ದು ಮಲಗಿರ್ತೀಯ, ಅದು ಅಲ್ಲಿ ಸಾಯ್ತಾನೇ ಇರತ್ತೆ ಅಂತಿದ್ದ. ಇದೆಲ್ಲ ನಾನು ನಾಳೆ ಹೇಳ್ಬಹುದು. ಇಷ್ಟು ಹೇಳೋಕೆ ನನಗೇನೂ ಕಷ್ಟ ಇಲ್ಲ. ಮುಂದಿನದು ಹೇಳೋಕೆ ಆಗಲ್ಲ.

ಯಾಕೆ ಅಂತ ಕೇಳ್ತಿದ್ದೀರ, ಕಣ್ಣಲ್ಲೇ ಕೇಳ್ತಿದ್ದೀರ. ನೀವು ಯಾವಾಗ ತಾನೆ ಬಾಯಿಬಿಟ್ಟು ಕೇಳಿದ್ದೀರ? ಹೋಗ್ಲಿ. ನಿಮಗೊಬ್ರಿಗೆ ಹೇಳ್ತೀನಿ. ನಾಳೆ ಅಲ್ಲಿ ಹೇಳಲ್ಲ, ಇವತ್ತು ಇಲ್ಲಿ ಹೇಳಿ ಮುಗಿಸಿಬಿಡ್ತೀನಿ. ಸರೀನಾ?

ಡಿಸೆಂಬರ್ ತಿಂಗಳು. ಹಳ್ಳದ ಅಂಚಲ್ಲಿ ನೀರು ಹೆಪ್ಪುಗಟ್ಟಿತ್ತು. ಅಣ್ಣನ ಡ್ರಮ್ಮರ್, ನನ್ನ ಫಿಡಲ್, ಎರಡು ನಾಯಿ. ಡ್ರಮ್ಮರ್‌ಗೆ ವಯಸ್ಸಾಗಿತ್ತು, ಫಿಡಲ್ ಇನ್ನೂ ಎಳಸು, ಎರಡು ವರ್ಷದ್ದು. ಫಿಡಲ್ಲೇ ಮುಂದೆ ಓಡಿತು. ಹಳ್ಳ ದಾಟಿ, ಆ ದೊಡ್ಡ ಸಿಕಮೋರ್ ಮರದ ಬುಡಕ್ಕೆ ಕಾಲು ಕೊಟ್ಟು ನಿಂತು ಬೊಗಳೋಕೆ ಶುರು ಮಾಡ್ತು. ನಾನು ಮೊದಲು ಹೋಗಿ ಮೇಲೆ ಲೈಟು ಬಿಟ್ಟೆ. ಎತ್ತರದಲ್ಲಿ, ಕವಲಲ್ಲಿ, ಎರಡು ಕಣ್ಣು. ಇದೆ ಅಣ್ಣ, ಕಣ್ಣು ಕಾಣ್ತಿದೆ, ದೊಡ್ಡದೇ ಇದೆ ಅಂದೆ. ಅವನು ಬಂದ, ನೋಡಿದ, ಅವನಿಗೆ ಕಾಣಿಸ್ಲಿಲ್ಲ. ಕವಲಿಗೆ ಒಂದು ಗುಂಡು ಹೊಡಿ, ಕೆಳಗೆ ಬೀಳತ್ತೆ ಅಂದೆ. ಹೊಡೀಲಿಲ್ಲ. ಮೈ ಕಾಣದೆ ಹೊಡೆಯಲ್ಲ, ಹತ್ತಿ ನೋಡ್ತೀನಿ ಅಂದ. ಐವತ್ತೆಂಟು ವರ್ಷ ಅವನಿಗೆ. ಆದ್ರೂ ಮೂವತ್ತು ವರ್ಷ ಕರೆಂಟ್ ಕಂಬ ಹತ್ತಿದ ಲೈನ್‌ಮನ್, ಮರ ಯಾವ ಲೆಕ್ಕ? ಕಾಲಿಗೆ ಕಂಬ ಹತ್ತೋ ಕಬ್ಬಿಣದ ಮೊಳೆ ಕಟ್ಟಿಕೊಂಡ, ಸೊಂಟದ ಪಟ್ಟಿ ಮರಕ್ಕೆ ಬಳಸಿ ಬಕಲ್ ಹಾಕಿದ, ಹತ್ತಿದ.

ರಕೂನ್ ಕೊಂಬೆ ತುದೀಲಿತ್ತು. ಕೈಗೆಟುಕಲಿಲ್ಲ. ಕೊಂಬೆ ಅಲ್ಲಾಡಿಸೋಕೆ ಅಂತ ಪಟ್ಟಿ ಬಿಚ್ಚಿ ಮುಂದೆ ಸರಿದ. ಸಿಕಮೋರ್ ನಿಮಗೆ ಗೊತ್ತಲ್ಲ, ಹೊರಗೆ ಬೆಳ್ಳಗೆ ಗಟ್ಟಿಯಾಗಿ ಕಾಣತ್ತೆ, ಒಳಗೆ ಪೊಳ್ಳು. ಕೊಂಬೆ ಮುರೀತು. ರಕೂನ್ ಮೊದಲು ಬಿತ್ತು. ಹಿಂದೇನೇ ಅವನು. ನಾಯಿಗಳು ರಕೂನ್ ಮೇಲೆ ಬಿದ್ದವು, ನಾನು ಅಣ್ಣನ ಮೇಲೆ. ಅಷ್ಟರಲ್ಲಿ ಉಸಿರು ಇರ್ಲಿಲ್ಲ.

ಇಷ್ಟೇ. ಪ್ರತಿ ವರ್ಷ ಇಷ್ಟೇ ಹೇಳಿದ್ದು. ಮಾರನೇ ದಿನ ನಾನು ಆ ರಕೂನ್ ತಂದು ನಿಮ್ಮ ಹಿಂಬಾಗಿಲಲ್ಲಿ ಕೊಟ್ಟೆ, ನೀವು ಒಂದು ಮಾತೂ ಆಡದೆ ತಗೊಂಡ್ರಿ. ಅಷ್ಟು ದುಃಖದಲ್ಲೂ ಸುಲಿದ್ರಿ, ಉಪ್ಪುನೀರಲ್ಲಿ ನೆನೆಹಾಕಿದ್ರಿ, ಗೆಣಸಿನ ಜೊತೆ ಬೇಯಿಸಿ ಮಣ್ಣಿನ ದಿನದ ಊಟಕ್ಕೆ ಇಟ್ರಿ. ಅವನು ಕೊಂದದ್ದು, ಬಿಸಾಡಬಾರದು ಅಂತ. ಪಾದ್ರಿ ಅದರ ಮೇಲೇ ಪ್ರಾರ್ಥನೆ ಮಾಡಿದ್ರು. ಎಲ್ಲರೂ ಒಂದೊಂದು ಚೂರು ತಿಂದ್ರು. ನನ್ನ ತಟ್ಟೆಗೆ ನೀವೇ ಬಡಿಸಿದ್ರಿ. ಆ ತುತ್ತು ನುಂಗೋಕೆ ನಾನು ಪಟ್ಟ ಪಾಡು... ಅದೇ ಕೊನೆ, ಅಲ್ಲಿಂದ ಇಲ್ಲಿಗೆ ನಾನು ರಕೂನ್ ಬಾಯಿಗೆ ಹಾಕಿಲ್ಲ. ಎಲ್ಲರೂ, ಪಾಪ ಅಣ್ಣನ ನೆನಪು ಅಂತಾರೆ.

ಆ ಟೀಚರಮ್ಮ ಕೇಳಿದ್ದು ಅದೇ ತಾನೆ. ತಿಂದ್ರೆ ಸರಿಹೋಗತ್ತಾ ಅಂತ. ನಾನು ತಿಂದಿದ್ದೀನಿ. ಸರಿಹೋಗಲ್ಲ.

ಚಾಕು ಯಾಕೆ ಕೆಳಗಿಟ್ರಿ? ಸುಸ್ತಾಯ್ತಾ? ಕಾಫಿ ಬಗ್ಗಿಸ್ಲಾ? ಬೇಡ್ವಾ...

ಒಂದು ಹೇಳ್ಲಾ, ನಗಬೇಡಿ. ಫಿಡಲ್ ಸತ್ತು ಎರಡು ವರ್ಷ ಆಯ್ತಲ್ಲ. ಈಗಲೂ ಸಂಜೆ ಆದ್ರೆ ಹಳ್ಳದ ಕಡೆಯಿಂದ ಅದು ಬೊಗಳೋದು ಕೇಳತ್ತೆ. ಬದುಕಿದ್ದಾಗ್ಲೂ ಅಷ್ಟೇ. ಅಣ್ಣ ಹೋದ ಮೇಲೆ ಒಂಬತ್ತು ವರ್ಷ, ಸಂಜೆ ಕಟ್ಟು ಬಿಚ್ಚಿದ್ರೆ ಸಾಕು, ನೆಟ್ಟಗೆ ಹೋಗಿ ಅದೇ ಮರದ ಬುಡದಲ್ಲಿ ನಿಂತು, ಖಾಲಿ ಕೊಂಬೆ ನೋಡ್ಕೊಂಡು ಬೊಗಳ್ತಿತ್ತು. ಅಲ್ಲಿ ಏನೂ ಇರ್ತಿರ್ಲಿಲ್ಲ. ನಾನು ಹೋಗಿ ಹಗ್ಗ ಹಾಕಿ ಎಳ್ಕೊಂಡು ಬರ್ತಿದ್ದೆ. ಮೇಲೆ ನೋಡ್ತಿರ್ಲಿಲ್ಲ ನಾನು. ನೋಡಿದ್ರೆ ಕಣ್ಣು ಕಾಣಿಸಿಬಿಡತ್ತೆ ಅಂತ ಭಯ. ಈಗ ಮನೆ ಕಿಟಕಿ ಗಾಜಲ್ಲೂ ಕಾಣತ್ತೆ, ನನ್ನದೇ ದೀಪ ಅಂತ ಗೊತ್ತು, ಆದ್ರೂ ಪರದೆ ಎಳೆದುಬಿಡ್ತೀನಿ. ನಾನು ಬೇಟೆ ಬಿಟ್ಟ ಮೇಲೆ ರಕೂನುಗಳಿಗೂ ಹೆದರಿಕೆ ಹೋಗಿದೆ, ಹಿಂದಿನ ಮೆಟ್ಟಿಲ ಮೇಲೆ ಬಂದು ಸಾಲಾಗಿ ಕೂರ್ತಾವೆ. ನಾನು ಜೋಳದ ರೊಟ್ಟಿ ಹಾಕ್ತೀನಿ. ಆ ಪುಟ್ಟ ಕೈಯಲ್ಲಿ ಎತ್ಕೊಂಡು ತಿಂತಾವೆ, ನನ್ನ ಮುಖ ನೋಡ್ತಾವೆ. ಹೇಳು ಅನ್ನೋ ಹಾಗೆ ನೋಡ್ತಾವೆ ಅತ್ತಿಗೆ.

ನೀವೂ ಹಾಗೇ ನೋಡಬೇಡಿ.

ಏನದು, ಆ ಪಂಜಕ್ಕೆ ಬೆರಳು ಸುತ್ತಿ ಏನು ನೋಡ್ತಿದ್ದೀರ? ಮಣಿಕಟ್ಟಿನ ಹತ್ರ... ಅದಕ್ಕೇನಾಗಿದೆ? ಏನೂ ಆಗಿಲ್ಲ, ಚೆನ್ನಾಗೇ ಇದೆ. ಅದು ನಾಯಿ ಹಿಡಿದ ರಕೂನು, ನೋಡಿ ಕುತ್ತಿಗೆ ಎಲ್ಲಾ ಹಲ್ಲಿನ ತೂತು. ಮಣಿಕಟ್ಟಲ್ಲಿ ಯಾಕೆ ಗುರುತು ಇರತ್ತೆ? ಕಾಲು ಹಿಡಿಯೋ ಬೋನಿಗೆ ಬಿದ್ದಿದ್ರೆ ತಾನೆ ಅಲ್ಲಿ ಗುರುತು ಇರೋದು, ಕಬ್ಬಿಣ ಕಚ್ಚಿ ಹಿಡಿದ ಕಡೆ, ಬಳೆ ಹಾಗೆ ಸುತ್ತಲೂ...

ಹಿಂಗಾಲು.

ಆ ದಿನ ನೀವು ಹಿಂಗಾಲಿನ ಪಂಜ ಬಿಟ್ಟಿದ್ರಿ.

ನನಗೆ ನೆನಪಿದೆ. ಅಣ್ಣನ ಮಣ್ಣಿಗೆ ಬಂದಿದ್ದ ಮುದುಕರು ಅಡುಗೆಮನೇಲಿ ತೊಟ್ಟಿ ನೋಡಿ, ನಿಮ್ಮ ಬಗ್ಗೇನೇ, ಇದೇನು ಈ ಡೆಲ್ಫಾ ಎರಡೂ ಮುಂಗಾಲು ತೆಗೆದು ಹಿಂಗಾಲು ಬಿಟ್ಟಿದಾಳೆ ಅಂದ್ರು. ನಾನೇ ಅಂದೆ, ಗಂಡ ಸತ್ತಿದಾನೆ, ಅವಳಿಗೆ ಮುಂದೆ ಯಾವುದು ಹಿಂದೆ ಯಾವುದು ಗೊತ್ತಾಗತ್ತಾ, ಸುಮ್ನಿರಿ ಅಂತ. ನಿಮಗೆ ತಲೆ ನಿಂತಿಲ್ಲ ಅಂದ್ಕೊಂಡೆ. ಹನ್ನೊಂದು ವರ್ಷ ಹಾಗೇ ಅಂದ್ಕೊಂಡಿದ್ದೆ. ನೀವು ನೋಡಿಬಿಟ್ಟಿದ್ರಿ. ಬೋನಿನ ಗುರುತು ನೋಡಿ, ಯಾರ ಕಣ್ಣಿಗೂ ಬೀಳದ ಹಾಗೆ ಕತ್ತರಿಸಿ ಒಲೆಗೆ ಹಾಕಿಬಿಟ್ರಿ. ಅಲ್ವಾ? ಅಲ್ವಾ ಅತ್ತಿಗೆ?

ತೊಗಲು ಬೇರೆ. ಎರಡು ನಾಯಿ ಬಿದ್ದ ರಕೂನಿನ ತೊಗಲು ಹೇಗಿರತ್ತೆ ಅಂತ ನಿಮಗೆ ಗೊತ್ತಿಲ್ವಾ, ಜರಡಿ ಆಗಿರತ್ತೆ. ಅದರಲ್ಲಿ ಒಂದು ಹಲ್ಲಿನ ಗುರುತಿಲ್ಲ. ಎಲ್ಲರ ಕಣ್ಣೆದುರಿಗೇ ಗೋಡೆ ಮೇಲಿದೆ. ನೀವೇ ಹದ ಮಾಡಿದ್ದು. ಒಂದು ಮಾತು ಆಡ್ಲಿಲ್ಲ ನೀವು. ಪ್ರತಿ ಭಾನುವಾರ ಕರೆದು ಊಟ ಹಾಕಿದ್ರಿ. ನಿಮ್ಮನೆ ಮೇಜು ಬಿಟ್ರೆ ನನಗೆ ಇನ್ನೊಂದು ಮನೆ ಮೇಜಿಲ್ಲ, ಅದು ಗೊತ್ತಿದ್ದೂ ಬಡಿಸಿದ್ರಿ. ಜನವರಿ ಬಂದ್ರೆ, ಆರ್ವೆಲ್ ಎದ್ದು ನಿಂತು ಅಣ್ಣನ ಕಥೆ ಹೇಳು ಅಂದ್ರಿ. ಯಾಕೆ? ನಾನಾಗೇ ಹೇಳ್ಲಿ ಅಂತಾನಾ? ಅಷ್ಟು ಜನದ ಮುಂದೆ, ಒಂದು ವರ್ಷ ಇಲ್ಲ ಇನ್ನೊಂದು ವರ್ಷ, ಬಾಯಿ ತಪ್ಪಿಯಾದ್ರೂ ನಿಜ ಬರ್ಲಿ ಅಂತ ಕಾದ್ರಾ?

ತಲೆ ಆಡಿಸಬೇಡಿ. ಬೈಯಿರಿ. ಆ ಚಾಕು ಎತ್ಕೊಳ್ಳಿ ಬೇಕಾದ್ರೆ.

ಮರದಲ್ಲಿ ರಕೂನ್ ಇರ್ಲಿಲ್ಲ ಅತ್ತಿಗೆ.

ನಾನು ಕೊಟ್ಟಿದ್ದು ನನ್ನ ಬೋನಿಗೆ ಬಿದ್ದಿದ್ದು. ಅಣ್ಣನ್ನ ಆಸ್ಪತ್ರೆಯವರು ತಗೊಂಡು ಹೋದ ಮೇಲೆ, ಬೆಳಕು ಹರಿಯೋ ಹೊತ್ತಿಗೆ, ಹಳ್ಳದ ಕೆಳಗಿನ ಬೋನಿಗೆ ಹೋದೆ. ಜೀವ ಇತ್ತು. ನನ್ನ ನೋಡಿ ಇನ್ನೊಂದು ಕೈ ನೆಲಕ್ಕೆ ಒತ್ತಿ ಹಿಂದೆ ಹಿಂದೆ ಸರೀತು. ಕೋಲಲ್ಲಿ ಹೊಡೆದೆ. ಅಣ್ಣನ ಮೈ ಇನ್ನೂ ತಣ್ಣಗಾಗಿರ್ಲಿಲ್ಲವೇನೋ, ನಾನು ಸುಳ್ಳಿಗೆ ಸಾಕ್ಷಿ ಹುಡುಕೋಕೆ ಹೋಗಿದ್ದೆ. ಅದಕ್ಕೂ ನನಗೂ ಏನು ಜಗಳ ಹೇಳಿ? ಹೊಟ್ಟೆಗಲ್ಲ, ತೊಗಲಿಗಲ್ಲ. ನನ್ನ ಮಾತು ನಿಲ್ಲಬೇಕಾಗಿತ್ತು, ಅದಕ್ಕೆ ಒಂದು ಜೀವ. ಅದನ್ನೇ ಊರೆಲ್ಲ ಪ್ರಸಾದದ ಹಾಗೆ ತಿಂದ್ರು.

ಕಣ್ಣು ಕಾಣಿಸ್ತು ಅಂದಿದ್ದೂ ಸುಳ್ಳು. ಏನೂ ಕಾಣಿಸ್ಲಿಲ್ಲ. ಯಾಕೆ ಹೇಳಿದೆ ಅಂದ್ರೆ... ನಾಚಿಕೆ ಆಗತ್ತೆ. ಫಿಡಲ್‌ಗಾಗಿ. ನಾಯಿಗಾಗಿ ಅತ್ತಿಗೆ. ಅದರ ಹಿಂದಿನ ವಾರ ಎರಡು ಸಲ ಖಾಲಿ ಮರಕ್ಕೆ ಬೊಗಳಿತ್ತು. ಅಣ್ಣ ನಕ್ಕಿದ್ದ, ನಿನ್ನ ನಾಯಿ ಸುಳ್ಳುಬುರುಕಿ ಕಣೋ, ಕುರಿ ಕಾಯೋಕೆ ಕಳಿಸು ಅಂದಿದ್ದ. ಅಂಗಡಿ ಮುಂದೆ ನಾಲ್ಕು ಜನದ ಎದುರಿಗೆ ಅಂದಿದ್ದ. ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರಲ್ಲ, ಮರಿಯಿಂದ ಬಾಟಲಿ ಹಾಲು ಕುಡಿಸಿ ಸಾಕಿದ್ದೆ, ಹೆಂಡತಿ ಮಕ್ಕಳು ಇಲ್ಲದೋನು ನಾನು. ಆ ಮರದ ಕೆಳಗೆ ನಿಂತು ನೋಡ್ತೀನಿ, ಮತ್ತೆ ಖಾಲಿ. ಹಿಂದೆ ಅಣ್ಣನ ಹೆಜ್ಜೆ ಸದ್ದು. ಕಣ್ಣು ಕಾಣ್ತಿದೆ ಅಂದುಬಿಟ್ಟೆ. ಅವನು ಒಂದು ಗುಂಡು ಹಾರಿಸ್ತಾನೆ, ತಪ್ಪಿತು, ಪೊಟರೆ ಸೇರ್ಕೊಂಡ್ತು ಅಂದ್ರೆ ಮುಗೀತು ಅಂದ್ಕೊಂಡೆ. ಬೇರೆ ಯಾರಾದ್ರೂ ಆಗಿದ್ರೆ ಹಾರಿಸ್ತಿದ್ರು. ಅವನು ಹಾರಿಸ್ಲಿಲ್ಲ. ಗಾಯ ಆಗತ್ತೆ ಅಂತ ಹತ್ತಿದ. ಅಲ್ಲಿಲ್ಲದ ಪ್ರಾಣಿಗೆ ಗಾಯ ಆಗಬಾರದು ಅಂತ ಹತ್ತಿದ.

ಆಯ್ತು. ಹೇಳಿದ್ದಾಯ್ತು. ಇನ್ನು ನೀವು ಎದ್ದು ಹೋಗಬಹುದು. ಭಾನುವಾರ ಬರಬೇಡ ಅನ್ನಿ, ಬರಲ್ಲ. ಆ ಫಲಕ ಮೊಳೆ ಹೊಡೀಬೇಡಿ, ಡೆಂಟನ್‌ಗೆ ನಾನೇ ಹೇಳ್ತೀನಿ. ನಾಳೆ ಎದ್ದು ನಿಂತು ಇದನ್ನೇ ಹೇಳು ಅಂದ್ರೆ ಅದನ್ನೂ ಹೇಳ್ತೀನಿ, ಆ ಟೀಚರಮ್ಮನ ಮುಖ ನೋಡ್ಕೊಂಡೇ ಹೇಳ್ತೀನಿ.

ಏಳ್ತಿಲ್ವಲ್ಲ ನೀವು.

ಯಾಕೆ ಇನ್ನೂ ಕೂತಿದ್ದೀರ ಅತ್ತಿಗೆ? ನಿಮಗೆ ಅರ್ಧ ಮುಂಚೆನೇ ಗೊತ್ತಿತ್ತು, ಉಳಿದಿದ್ದು ನಾನು ಹೇಳಿದೆ. ಇನ್ನೇನು ಬೇಕು? ಅಳ್ತಾನೂ ಇಲ್ಲ ನೀವು. ಏನೋ ಲೆಕ್ಕ ಕೂಡದೆ ಕೂತೋರ ಹಾಗೆ...

ಸೊಂಟದ ಪಟ್ಟಿ.

ಅದೇ ತಾನೆ? ಪಟ್ಟಿ ತುಂಡಾಗಿರ್ಲಿಲ್ಲ, ಬಕಲ್ ಮುರಿದಿರ್ಲಿಲ್ಲ, ಆಸ್ಪತ್ರೆಯವರು ನಿಮ್ಮ ಕೈಗೆ ಕೊಟ್ಟಾಗ ಬಿಚ್ಚಿತ್ತು. ಲೈನ್‌ಮನ್ ಹೆಂಡತಿ ನೀವು. ಮೂವತ್ತು ವರ್ಷದಲ್ಲಿ ಒಂದು ಸಲವೂ ಅವನು ಮೇಲೆ ಪಟ್ಟಿ ಬಿಚ್ಚಿದೋನಲ್ಲ. ಅಲ್ಲಿ ರಕೂನೇ ಇಲ್ಲ ಅಂದಮೇಲೆ ಯಾಕೆ ಬಿಚ್ಚಿದ ಅಂತ. ಹನ್ನೊಂದು ವರ್ಷ ಇದನ್ನೇ ಯೋಚನೆ ಮಾಡ್ತಿದ್ರಾ?

ಅದು ಮಾತ್ರ ಕೇಳಬೇಡಿ ಅಂತ ನಾನು ದೇವರಲ್ಲಿ ಬೇಡ್ಕೋತಿದ್ದೆ.

ಹತ್ತಿದ. ಕವಲಿನ ತನಕ ಹೋದ. ಲೈಟು ಅತ್ತ ಇತ್ತ ಬಿಟ್ಟ. ಡ್ರಮ್ಮರ್ ಅಷ್ಟು ಹೊತ್ತೂ ಒಂದು ಸಲ ಬೊಗಳಿರ್ಲಿಲ್ಲ, ಮರಕ್ಕೆ ಬೆನ್ನು ಮಾಡಿ ಕೂತಿತ್ತು, ಅದಕ್ಕೆ ಗೊತ್ತಿತ್ತು. ಮೇಲಿಂದ ಅಣ್ಣ ಕೂಗಿದ. "ಆರ್ವೆಲ್, ಇಲ್ಲಿ ಏನೂ ಇಲ್ಲ ಕಣೋ. ಚಳಿ ಆಗ್ತಿದೆ, ಇಳೀತೀನಿ" ಅಂದ. ಇಳೀತೀನಿ ಅಂದ ಅತ್ತಿಗೆ. ನಗ್ತಿದ್ದ. ನನಗೆ ಆ ನಗು ಕೇಳಿಸ್ತು, ಅಂಗಡಿ ಮುಂದಿನ ನಗು. ನಾನು ಬಾಯಿ ಮುಚ್ಕೊಂಡು ನಿಂತಿದ್ರೆ ಸಾಕಾಗಿತ್ತು, ಬೇರೆ ಏನೂ ಬೇಕಿರ್ಲಿಲ್ಲ. ಇವತ್ತು ಅವನು ಇಲ್ಲಿ ನಿಮ್ಮ ಪಕ್ಕ ಕೂತು ನನ್ನ ನಾಯಿನ ಆಡ್ಕೋತಿದ್ದ.

"ಇನ್ನೂ ಮೇಲಿದೆ ಅಣ್ಣ, ನನಗಿಲ್ಲಿಂದ ಕಾಣ್ತಿದೆ, ಇನ್ನೊಂದು ಕೊಂಬೆ ಹತ್ತು" ಅಂದೆ.

ಆ ಕೊಂಬೆ ದಾಟಬೇಕು ಅಂದ್ರೆ ಪಟ್ಟಿ ಬಿಚ್ಚಲೇಬೇಕಾಗಿತ್ತು. ಅದು ನನಗೆ ಗೊತ್ತಿತ್ತು. ಬಕಲ್ ಬಿಚ್ಚಿದ ಸದ್ದು ಕೆಳಗೆ ಕೇಳಿಸ್ತು. ಆಗಲಾದ್ರೂ ಬೇಡ ಅನ್ನಬಹುದಿತ್ತು ಅತ್ತಿಗೆ. ನಾನು ಅನ್ನಲಿಲ್ಲ.